ನಮ್ಮ ನೀರು ಶ್ರೀಶೈಲ ನೋಡಾಕ್ ಹೋತು

2024ರ ಆಗಸ್ಟ್ 11, ಭಾನುವಾರ. ಬೆಂಗಳೂರಿನ ರೂಮಿನಲ್ಲಿ ಇನ್ನೂ ಮಲಗಿದ್ದೆ. ಊರಿಂದ ಅಪ್ಪನ ಫೋನು. ‘ಡ್ಯಾಮಿನ ಗೇಟ್ ಕೊಚ್ಕೊಂಡ್ ಹೋಗೈತಂತಲೋ, ಖರೇನೇನು?’

ಖರೆಯೇ. ಹಿಂದಿನ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ, ಗೇಟೇ ನದಿಪಾಲಾಗಿತ್ತು. ಸುಮಾರು ಎಪ್ಪತ್ತು ವರ್ಷದಲ್ಲಿ ಹೀಗಾಗಿದ್ದು ಅದೇ ಮೊದಲು. ಆ ಒಂದೇ ಕಿಂಡಿಯಿಂದ 35 ಸಾವಿರ ಕ್ಯುಸೆಕ್, ಅಂದರೆ ಸೆಕೆಂಡಿಗೆ 35 ಸಾವಿರ ಘನ ಅಡಿ ನೀರು ನುಗ್ಗುತ್ತಿತ್ತು. ಒತ್ತಡ ಇಳಿಸಲು 33 ಗೇಟುಗಳನ್ನೂ ತೆರೆದರು. ನದಿಗೆ ಲಕ್ಷ ಕ್ಯುಸೆಕ್ ಬಿಟ್ಟರು.

ನಮ್ಮ ಹೊಲ ಇರುವುದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ಈ ಡ್ಯಾಮಿನ ಎಡದಂಡೆ ಕಾಲುವೆಯ ಕೊನೆ ಭಾಗ. ಈ ಕಾಲುವೆ 227 ಕಿಲೋಮೀಟರ್ ಉದ್ದ. ಆದರೆ ಕಿಲೋಮೀಟರ್ ಲೆಕ್ಕ ನಮ್ಮ ಕಡೆ ಯಾರೂ ಇಡೋದಿಲ್ಲ, ಎಲ್ಲ ಮೈಲಿನ ಲೆಕ್ಕವೇ. ‘69ನೇ ಮೈಲಿನಾಗ ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟೈತಿ?’ ಅನ್ನೋದು ನಮ್ಮೂರಲ್ಲಿ ‘ಊಟ ಆತೇನು’ ಅನ್ನೋದಕ್ಕಿಂತ ಮೊದಲು ಬರುವ ಮಾತು. ಮೇಲಿನವರು ನಾಟಿ ಮುಗಿಸಿ ಗೊಬ್ಬರ ಹಾಕುವಾಗ ನಮ್ಮ ಸಸಿ ಇನ್ನೂ ಮಡಿಯಲ್ಲೇ ಇರುತ್ತದೆ. ಆ ವರ್ಷವೂ ಹಾಗೇ ಇತ್ತು.

ಹಂಪಿಯ ಪುರಂದರ ಮಂಟಪ ಮುಳುಗಿದ ವಿಡಿಯೋಗಳು ವಾಟ್ಸಾಪಿನಲ್ಲಿ ಬರತೊಡಗಿದವು. ಎಂಥಾ ವೈಭವ ಅಂತ ಆಫೀಸಿನ ಗೆಳೆಯರು. ಅಪ್ಪ ಮಾತ್ರ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತಿದ್ದರಂತೆ. ಅವರದು ಸರಳ ಲೆಕ್ಕ. ಹನ್ನೊಂದೂವರೆ ಸಾವಿರ ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಲಕ್ಷ ಕ್ಯುಸೆಕ್ ಅಂದರೆ ದಿನಕ್ಕೆ ಎಂಟೂವರೆ ಟಿಎಂಸಿ ಮೇಲೆ. ತುಂಬಿದ ಡ್ಯಾಮಿನಲ್ಲಿ ಇರೋದೇ 105. ಕಟ್ಟಿದಾಗ 133 ಹಿಡಿಯುತ್ತಿತ್ತು, ಉಳಿದ ಜಾಗ ಹೂಳು ತಿಂದಿದೆ.

‘ನಮ್ಮ ನೀರು ಶ್ರೀಶೈಲ ನೋಡಾಕ್ ಹೋತು ಬಿಡು. ಮಲ್ಲಯ್ಯಗ ನಮ್ದೂ ಒಂದ್ ನಮಸ್ಕಾರ ಹೇಳ್ಲಿ’ ಅಂದರು. ತುಂಗಭದ್ರೆ ಕೃಷ್ಣೆಯನ್ನು ಸೇರಿ ಹೋಗೋದು ಮಲ್ಲಿಕಾರ್ಜುನನ ಶ್ರೀಶೈಲದ ಕಡೆಗೇ. ನಕ್ಕೆ, ಆದರೆ ಅವರು ನಗಲಿಲ್ಲ.

ಒಂದು ಗೇಟ್ ಹೋದರೆ ಇಷ್ಟು ರಾದ್ಧಾಂತ ಯಾಕೆ ಅಂತ ನನಗೆ ಆಗ ತಿಳಿದಿರಲಿಲ್ಲ. ಡ್ಯಾಮಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,633 ಅಡಿ. ಗೇಟುಗಳು 60 ಅಡಿ ಅಗಲ, 20 ಅಡಿ ಎತ್ತರ. ಅಂದರೆ ಅವು ತಡೆಯೋದು ಮೇಲಿನ 20 ಅಡಿಯನ್ನು ಮಾತ್ರ. ಆದರೆ ಡ್ಯಾಮು ಬೋಗುಣಿ ಇದ್ದ ಹಾಗೆ, ತಳ ಕಿರಿದು, ಬಾಯಿ ಅಗಲ. ಅರ್ಧಕ್ಕಿಂತ ಜಾಸ್ತಿ ನೀರು ಆ ಮೇಲಿನ 20 ಅಡಿಯಲ್ಲೇ ಇದೆ. ರಿಪೇರಿ ಮಾಡೋಕೆ 60 ಟಿಎಂಸಿಯಷ್ಟು ಖಾಲಿ ಮಾಡಬೇಕು ಅಂದಾಗ ಊರಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ಆಮೇಲೆ ಬಂದವರು ಕನ್ನಯ್ಯ ನಾಯ್ಡು. ಗೇಟ್ ಕೆಲಸದಲ್ಲಿ ಪಳಗಿದ ಹಿರಿಯ ಎಂಜಿನಿಯರ್. ಹೊಸ ಗೇಟಿಗೆ ಕಾಯದೆ, ಸ್ಟಾಪ್‌ಲಾಗ್ ಅಂತ ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಮಾಡಿಸಿದರು. ಅಂಗಡಿ ಬಾಗಿಲಿಗೆ ಹಲಗೆ ಒಂದರ ಮೇಲೊಂದು ಇಳಿಸುತ್ತಿದ್ದರಲ್ಲ, ಅದೇ ತರ. ವ್ಯತ್ಯಾಸ ಏನೆಂದರೆ ಇಲ್ಲಿ ನೀರು ಹರಿಯುತ್ತಲೇ ಇತ್ತು. ಅಷ್ಟು ರಭಸದಲ್ಲಿ, ಕ್ರೇನಿನಿಂದ, 60 ಅಡಿ ಉದ್ದದ ಉಕ್ಕನ್ನು ಇಳಿಸೋದು! ಮೊದಲ ತುಂಡು ಆಗಸ್ಟ್ 16ರ ಶುಕ್ರವಾರ ಕೂತಿತು. ಆ ಸಂಜೆ ಅಪ್ಪ ಟಿವಿ ಮುಂದೆ ನಿಂತೇ ಇದ್ದರು, ಕೂತಿರಲಿಲ್ಲ ಅಂತ ಅವ್ವ ಹೇಳಿದಳು. ಮರುದಿನ ಕೊನೆಯ ತುಂಡೂ ಕೂತಿತು. ಡ್ಯಾಮಿನಲ್ಲಿ ಆಗ ಇನ್ನೂ ಸುಮಾರು 70 ಟಿಎಂಸಿ ಇತ್ತು. ಮಲೆನಾಡಿನಲ್ಲಿ ಮಳೆಯೂ ಕೈಬಿಡಲಿಲ್ಲ, ಸೆಪ್ಟೆಂಬರಿನಲ್ಲಿ ಡ್ಯಾಮು ಮತ್ತೆ ತುಂಬಿತು. ನಮ್ಮ ನಾಟಿ ತಡವಾದರೂ ಆಯಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಹಳೆ ಗೇಟುಗಳ ಮೇಲೆ ಭಾರ ಬೇಡ ಅಂತ ನೀರನ್ನು 80 ಟಿಎಂಸಿಗೇ ನಿಲ್ಲಿಸಿದರು. ಗೇಟು ಬದಲಿಸುವ ಕೆಲಸಕ್ಕೆ ಡ್ಯಾಮು ಇಳಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಅಂದರು. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ‘ಮಾಡ್ಲಿ, ಈಗ್ಲೇ ಮಾಡ್ಲಿ. ಇನ್ನೊಂದ್ ಚೈನ್ ಹರದ್ರ ಏನ್ ಮಾಡೋದು?’ ಅಂದರು. ಎರಡು ಎಕರೆಗೆ ಬಿಳಿಜೋಳ ಹಾಕಿದರು. ಎಷ್ಟೋ ವರ್ಷದ ಮೇಲೆ ನಮ್ಮದೇ ಹೊಲದ ಜೋಳ. ಹಿಟ್ಟು ಬೀಸಿಸಿ ಒಂದು ಡಬ್ಬಿ ಬೆಂಗಳೂರಿಗೆ ಕಳಿಸಿದ್ದಾರೆ. ನನಗೆ ರೊಟ್ಟಿ ಬಡಿಯೋಕೆ ಬರಲ್ಲ, ಅದು ಬೇರೆ ಮಾತು.