ಏನು ಕೆಲಸ ಎಂದಷ್ಟೇ ಕೇಳಿದರೆ ಸಾಲದು

ಕ್ಯಾಡ್ಮಿಯಂ ಎಂಬ ಲೋಹದ ವಿಷ ಏರಿದೆ ಎಂದು ಹೇಳಿಕೊಂಡು ಯಾವ ರೋಗಿಯೂ ಬರುವುದಿಲ್ಲ. ಜ್ವರ, ಕೆಮ್ಮು, ಮೈಕೈ ನೋವು ಎಂದು ಬರುತ್ತಾರೆ. ಕಾರ್ಮಿಕರನ್ನು ನೋಡುವ ವೈದ್ಯನಾದ ನನಗೆ ರೋಗ ಹಿಡಿಯಲು ಹೆಚ್ಚು ನೆರವಾಗಿರುವುದು ಒಂದೇ ಪ್ರಶ್ನೆ: "ನಿನ್ನೆ ಏನನ್ನು ಕಾಯಿಸಿದಿರಿ, ಏನನ್ನು ಕತ್ತರಿಸಿದಿರಿ, ಎಲ್ಲಿ ಕೂತು?" ಏನು ಕೆಲಸ ಎಂದರೆ "ವೆಲ್ಡಿಂಗ್ ಸಾರ್" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಲೋಹದ ತುಂಡುಗಳನ್ನು ಬೆಸೆಯಲು ಕರಗಿಸುವ ಕೆಲವು ಬೆಳ್ಳಿ ಬ್ರೇಜಿಂಗ್ ರಾಡ್‌ಗಳಲ್ಲಿ, ಬೇಗ ಕರಗಲಿ ಎಂದು ಕ್ಯಾಡ್ಮಿಯಂ ಸೇರಿಸಿರುತ್ತಾರೆ. ತುಕ್ಕು ಹಿಡಿಯದಂತೆ ಬೋಲ್ಟುಗಳಿಗೂ ಇದರ ಲೇಪ ಇರುತ್ತದೆ. ಈ ಲೋಹ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ; ಟಾರ್ಚಿನ ಬೆಂಕಿಗೆ ಅದೇನೂ ದೊಡ್ಡದಲ್ಲ. ಹೊಗೆ ಆ ಹೊತ್ತಿಗೆ ಅಷ್ಟಾಗಿ ಕಣ್ಣು ಮೂಗು ಉರಿಸದೇ ಇರಬಹುದು. ಹಾಗಾಗಿ ಗಾಳಿಯಾಡದ ಟ್ಯಾಂಕಿನೊಳಗೆ ಕೂತವರೂ ಕೆಲಸ ಮುಗಿಸಿಯೇ ಏಳುತ್ತಾರೆ.

ಕೆಲವು ಗಂಟೆ ಕಳೆದ ಮೇಲೆ ಗಂಟಲು ಕೆರೆತ, ಚಳಿ, ಜ್ವರ. ಸತುವಿನ ಲೇಪವಿರುವ ಕಬ್ಬಿಣ ಬೆಸೆದವರಿಗೂ ಹೀಗೇ ಆಗುತ್ತದೆ. ಆ ಲೋಹಜ್ವರ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅನುಭವಿ ವೆಲ್ಡರ್‌ಗಳಿಗೆ ಇದು ಗೊತ್ತು. ಆ ತಿಳಿವಳಿಕೆಯೇ ಇಲ್ಲಿ ಕುತ್ತು ತರುತ್ತದೆ. ಕ್ಯಾಡ್ಮಿಯಂ ಆಗಿದ್ದರೆ ಜ್ವರ ಇಳಿಯಬೇಕಾದ ಹೊತ್ತಿಗೆ ಉಸಿರು ಏರತೊಡಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಸಾವೂ ಬರಬಹುದು. ಮೊದಲ ಎಕ್ಸ್‌ರೇ ಚೊಕ್ಕವಾಗಿದೆ ಎಂದು ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಅನುಮಾನವಿದ್ದರೆ ಆಸ್ಪತ್ರೆಗೆ ದಾಖಲಿಸಿಕೊಂಡು ರಕ್ತದ ಆಮ್ಲಜನಕ ನೋಡುತ್ತಿರಬೇಕು. ಬೇಕಾದರೆ ಆಮ್ಲಜನಕ, ಅದೂ ಸಾಲದಿದ್ದರೆ ವೆಂಟಿಲೇಟರ್. ಸ್ಟೆರಾಯ್ಡ್ ಕೊಡುವವರಿದ್ದಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ.

ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಸೇರಿದವರದು ಬೇರೆ ಕಥೆ. ಕಿಡ್ನಿಯಲ್ಲಿ ಕೂತ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು. ಮೊದಲು ಕೆಡುವುದು ಕಿಡ್ನಿಯ ನಳಿಕೆಗಳು. ಆಗ ಮೂತ್ರದಲ್ಲಿ ಸೋರುವುದು ಬೀಟಾ-2 ಮೈಕ್ರೊಗ್ಲಾಬ್ಯುಲಿನ್‌ನಂಥ ಸಣ್ಣ ಪ್ರೋಟೀನ್. ಮೂತ್ರದಲ್ಲಿ ಅದ್ದಿ ನೋಡುವ ಮಾಮೂಲಿ ಪಟ್ಟಿ (ಡಿಪ್‌ಸ್ಟಿಕ್) ಮುಖ್ಯವಾಗಿ ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನನ್ನೇ ಹಿಡಿಯುವುದರಿಂದ ಅದರ "ಪ್ರೋಟೀನ್ ಇಲ್ಲ" ಎಂಬ ಉತ್ತರವನ್ನು ನಾನು ನೆಚ್ಚುವುದಿಲ್ಲ. ಇನ್ನೊಂದು ತೊಡಕು: ಆಮ್ಲೀಯ ಮೂತ್ರದಲ್ಲಿ ಬೀಟಾ-2 ಬೇಗ ಒಡೆದುಹೋಗುತ್ತದೆ. ಮಾದರಿಯ ಪಿಎಚ್ (ಆಮ್ಲೀಯತೆಯ ಮಟ್ಟ) ಸರಿಮಾಡಿ ಎಂದು ಲ್ಯಾಬಿಗೆ ಮೊದಲೇ ಹೇಳಿಡಬೇಕು, ಇಲ್ಲವೇ ಅಷ್ಟು ಬೇಗ ಒಡೆಯದ ಇನ್ನೊಂದು ಸಣ್ಣ ಪ್ರೋಟೀನ್, ರೆಟಿನಾಲ್ ಬೈಂಡಿಂಗ್ ಪ್ರೋಟೀನಿನ ಪರೀಕ್ಷೆ ಕೇಳಬೇಕು. ರಕ್ತದಲ್ಲಿ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಅದೂ ಸುಳಿವೇ.

ರಕ್ತದ ಕ್ಯಾಡ್ಮಿಯಂ ಹೆಚ್ಚಾಗಿ ಇತ್ತೀಚಿನ ಸಂಪರ್ಕವನ್ನು ಹೇಳುತ್ತದೆ, ಮೂತ್ರದ್ದು ದೇಹದಲ್ಲಿ ಕೂಡಿದ್ದನ್ನು. ಸಿಗರೇಟು ಸೇದುವವರಲ್ಲಿ ಎರಡೂ ಏರಿರುತ್ತವೆ. ಅದನ್ನು ಕೇಳದೆ ಅಂಕಿ ಓದುವುದು ವ್ಯರ್ಥ. ಕಿಡ್ನಿಯಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಸೋರಿ ಕಲ್ಲಾಗಬಹುದು, ಮೂಳೆ ಮೆತ್ತಗಾಗಬಹುದು. ಜಪಾನಿನ ಜಿಂಜು ನದಿಯ ದಡದಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳಿಗೆ ಸೇರಿ, ಮೂಳೆ ಮುರಿದು ನರಳಿದವರಲ್ಲಿ ಹೆಚ್ಚಿನವರು ಹಲವು ಹೆತ್ತ, ವಯಸ್ಸಾದ ಹೆಂಗಸರು. ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿದ್ದು 1968ರಲ್ಲಿ.

"ಲೋಹ ತೆಗೆಯುವ ಔಷಧಿ ಕೊಡಿ" ಎಂದು ಮನೆಯವರು ಕೇಳುತ್ತಾರೆ, ಕಿರಿಯ ವೈದ್ಯರೂ ಕೇಳುತ್ತಾರೆ. ಸೀಸಕ್ಕೆ ಅಂಥದ್ದಿದೆ. ಹಳೆಯ ಕ್ಯಾಡ್ಮಿಯಂ ಹೊರೆಗೆ ಫಲ ಕೊಟ್ಟಿದೆ ಎನ್ನಬಹುದಾದ ಔಷಧಿ ಒಂದೂ ಇಲ್ಲ. ಲೋಹ ತೆಗೆಯಲೆಂದೇ ಇರುವ ಡೈಮರ್ಕ್ಯಾಪ್ರಾಲ್ ಅಂತೂ ಕ್ಯಾಡ್ಮಿಯಮ್ಮನ್ನು ಕಿಡ್ನಿಗೇ ಸಾಗಿಸಿ ಹಾನಿ ಹೆಚ್ಚಿಸುತ್ತದೆ, ಕೊಡಲೇಬಾರದು. ಏನೂ ಕೊಡದೆ ಕಳಿಸುತ್ತಿದ್ದಾರೆ ಎಂಬ ಮುನಿಸನ್ನು ತಾಳಿಕೊಳ್ಳುವುದೂ ಈ ಚಿಕಿತ್ಸೆಯ ಭಾಗ. ಮಾಡಬಹುದಾದದ್ದು ಬೇರೆ ಇದೆ: ಸಂಪರ್ಕ ತಪ್ಪಿಸುವುದು, ಸಿಗರೇಟು ಬಿಡಿಸುವುದು, ಕಬ್ಬಿಣಾಂಶದ ಕೊರತೆ ತುಂಬುವುದು (ಕೊರತೆಯಿದ್ದರೆ ಕರುಳು ಕ್ಯಾಡ್ಮಿಯಮ್ಮನ್ನು ಹೆಚ್ಚು ಹೀರುತ್ತದೆ), ಮೂಳೆಗೆ ವಿಟಮಿನ್ ಡಿ, ಕಿಡ್ನಿಗೆ ಭಾರವಾಗುವ ನೋವಿನ ಮಾತ್ರೆಗಳಿಂದ ದೂರವಿಡುವುದು. ಕೆಲಸ ಬಿಟ್ಟ ಮೇಲೂ ಕಿಡ್ನಿ ಕೆಡುತ್ತಾ ಹೋಗಬಹುದು. ಆದ್ದರಿಂದ ತಪಾಸಣೆಗೆ ಬರುವುದನ್ನು ನಿಲ್ಲಿಸಬೇಡಿ ಎನ್ನುತ್ತೇನೆ.

ಮಾಲೀಕರಿಗೆ ಬರೆಯುವ ಪತ್ರದಲ್ಲಿ "ಮಾಸ್ಕ್ ಕೊಡಿ" ಎಂದು ಬರೆದು ಮುಗಿಸುವುದಿಲ್ಲ. ಕ್ಯಾಡ್ಮಿಯಂ ಇಲ್ಲದ ರಾಡ್ ಸಿಗುತ್ತದೆ, ಅದನ್ನು ತರಿಸಿ, ಹೊಗೆ ಹೀರುವ ವ್ಯವಸ್ಥೆ ಮಾಡಿ, ಇವರನ್ನು ಬೇರೆ ಕೆಲಸಕ್ಕೆ ಹಾಕಿ ಎಂದು ಬರೆಯುತ್ತೇನೆ. ಜೊತೆಗೆ, ಪಕ್ಕದಲ್ಲಿ ನಿಂತು ಅದೇ ಹೊಗೆ ಕುಡಿದವರು ಯಾರು ಎಂದು ರೋಗಿಯನ್ನೇ ಕೇಳಿ, ಅವರನ್ನೂ ಅವತ್ತೇ ಕರೆಸಿಕೊಳ್ಳುತ್ತೇನೆ.