ಪೋರ್ಟ್ ಒಡೆದ ಜಿಪ್ಸಿ ಹೆಡ್ಡು

ಬೆಂಗಳೂರು
ಶನಿವಾರ, 14 ಜೂನ್ 2025

ಇವತ್ತು ಇಡೀ ದಿನ ಒಂದೇ ಹೆಡ್ಡಿಗೆ (ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂತು ವಾಲ್ವ್ ಹಿಡಿದಿರುವ ಎಂಜಿನ್ ಭಾಗ) ಹೋಯಿತು. ಮಾರುತಿ ಜಿಪ್ಸಿಯದ್ದು, 1298 ಸಿಸಿ, 16 ವಾಲ್ವ್‌ನ ಜಿ13ಬಿಬಿ ಎಂಜಿನ್. ಚಿಕ್ಕಮಗಳೂರು ಕಡೆಯ ಹುಡುಗ, ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಓಡಿಸುತ್ತಾನೆ. ಬೇರೆಲ್ಲೋ ಪೋರ್ಟಿಂಗ್ ಮಾಡಿಸಿದ್ದ, ಅಂದರೆ ಹೆಡ್ಡಿನೊಳಗೆ ಗಾಳಿ, ಹೊಗೆ ಓಡಾಡುವ ದಾರಿಗಳನ್ನು (ಪೋರ್ಟ್) ಕೆರೆದು ಅಗಲ ಮಾಡಿಸಿದ್ದ. ಗಾಡಿ ಚೆನ್ನಾಗಿಯೇ ಓಡುತ್ತಿತ್ತಂತೆ, ಆದರೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಾ ಬಂತು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ.

ನಿನ್ನೆ ಪ್ರೆಷರ್ ಟೆಸ್ಟ್ ಮಾಡಿದೆ. ನೀರಿನ ದಾರಿಗಳಿಗೆಲ್ಲ ರಬ್ಬರ್ ಇಟ್ಟು ಪ್ಲೇಟ್ ಬಿಗಿದು, ಬಿಸಿ ನೀರಿನ ತೊಟ್ಟಿಗೆ ಇಳಿಸಿ, ಒಳಗೆ 2 ಬಾರ್‌ನಷ್ಟು ಗಾಳಿ ಕೊಡುವುದು. ತಣ್ಣೀರಲ್ಲಿ ಮಾಡಿದರೆ ಸಣ್ಣ ತೂತು ಕೆಲವು ಸಲ ಬಾಯಿ ಬಿಡುವುದೇ ಇಲ್ಲ. ಹೆಡ್ಡು ಬಿಸಿಯಾಗುವ ತನಕ ಕಾಯಬೇಕು. ಕಾದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಪೋರ್ಟಿನಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಪೋರ್ಟು ವಾಲ್ವ್ ಸೀಟಿನ (ವಾಲ್ವ್ ಕೂರುವ ಉಂಗುರ) ಕಡೆ ತಿರುಗುತ್ತದಲ್ಲ, ಆ ಒಳತಿರುವಿನಲ್ಲೇ ತೂತು.

ಆ ತಿರುವಿಗೆ ಶಾರ್ಟ್ ಸೈಡ್ ಅಂತೀವಿ. ಅದರ ಬೆನ್ನಿಗೇ ವಾಟರ್ ಜಾಕೆಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು ಓಡುವ ಜಾಗ. ಹೆಡ್ ಎರಕ ಹೊಯ್ಯುವಾಗ ಒಳಗಿಡುವ ಮರಳಿನ ಕೋರ್ ಸ್ವಲ್ಪ ಸರಿದರೂ ಒಂದು ಪೋರ್ಟಿನ ಗೋಡೆ ದಪ್ಪ, ಪಕ್ಕದ್ದು ತೆಳು ಆಗಿಬಿಡುತ್ತದೆ. ಹಾಗಾಗಿ ಹಿಂದಿನ ಹೆಡ್ಡಿನಲ್ಲಿ ಇಷ್ಟು ತೆಗೆದಿದ್ದೆ, ಇದರಲ್ಲೂ ಅಷ್ಟೇ ತೆಗೆಯಬಹುದು ಅನ್ನೋ ಲೆಕ್ಕ ನಡೆಯುವುದಿಲ್ಲ. ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ (ಲೋಹ ಕೆರೆಯುವ ಹಲ್ಲಿನ ತುದಿ) ಹಾಕಿದರೆ ಅಲ್ಯೂಮಿನಿಯಂ ಎಷ್ಟು ಬೇಗ ಹೋಗುತ್ತದೆ ಅನ್ನೋದು ಕೈಗೆ ಗೊತ್ತೇ ಆಗಲ್ಲ. ಅಲ್ಟ್ರಾಸಾನಿಕ್ ಗೇಜ್ ಇಟ್ಟು ದಪ್ಪ ನೋಡಿ ಆಮೇಲೆ ಗ್ರೈಂಡರ್ ಹಿಡಿಯಬೇಕು. ಗೇಜ್ ಇಲ್ಲದವರು ಗುಜರಿಯಿಂದ ಅದೇ ಮಾಡೆಲಿನ ಬಿರುಕು ಬಿಟ್ಟ ಹೆಡ್ಡೊಂದನ್ನು ತಂದು ಪೋರ್ಟಿನ ಉದ್ದಕ್ಕೆ ಕುಯ್ದು ನೋಡಿ. ನೀರು ಎಲ್ಲೆಲ್ಲಿ ಓಡುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಅಷ್ಟೊಂದು ತೆಗೆಯುವ ಅಗತ್ಯವಾದರೂ ಏನಿತ್ತು? 1.3 ಲೀಟರ್ ಎಂಜಿನ್ನಿಗೆ ಪೋರ್ಟ್ ಸುಮ್ನೆ ಅಗಲ ಮಾಡಿದರೆ ಗಾಳಿಯ ವೇಗ ಬೀಳುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಹೋಗುತ್ತದೆ. ಆಟೋಕ್ರಾಸ್‌ನಲ್ಲಿ ತಿರುವಿನಿಂದ ಆಚೆ ಬರುವಾಗ ಬೇಕಾಗುವುದೇ ಅದು. ಲಾಭ ಜಾಸ್ತಿ ಸಿಗುವುದು ವಾಲ್ವಿನ ಹತ್ತಿರದ ಜಾಗದಲ್ಲಿ, ಮತ್ತೆ ವಾಲ್ವ್ ಕೂರುವ ಅಂಚನ್ನು 30-45-60 ಡಿಗ್ರಿಯ ಮೂರು ಕೋನಗಳಲ್ಲಿ ಕೆತ್ತುವ ಸರಿಯಾದ ಸೀಟ್ ಕಟಿಂಗ್‌ನಲ್ಲಿ.

ಹುಡುಗ ಕೇಳಿದ, 'ಅಣ್ಣ, ಎಂ-ಸೀಲ್ ತರದ್ದು ಏನಾದ್ರೂ ಹಾಕಿದ್ರೆ ನಿಲ್ಲಲ್ವಾ?' ಇಲ್ಲಪ್ಪ ಅಂದೆ. ಜೋರಾಗಿ ಓಡಿಸುವಾಗ ಎಕ್ಸಾಸ್ಟ್ ಗಾಳಿ 700 ಡಿಗ್ರಿ ದಾಟುತ್ತದೆ, ಯಾವ ಅಂಟೂ ಉಳಿಯಲ್ಲ. ಇನ್‌ಟೇಕ್ ಕಡೆ ಒಳ್ಳೆ ಎಪಾಕ್ಸಿ ಹಾಕುವವರು ಇದ್ದಾರೆ. ಅದು ಕಿತ್ತು ಬಂದರೆ ನೇರ ಸಿಲಿಂಡರಿಗೇ ಬೀಳುವುದು, ಹಾಗಾಗಿ ನಾನು ಅದಕ್ಕೆ ಕೈ ಹಾಕುವುದಿಲ್ಲ. ಹಾಗೇ ಓಡಿಸುವುದಂತೂ ಬೇಡವೇ ಬೇಡ. ನಿಲ್ಲಿಸಿದ ಗಾಡಿಯಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದಿದ್ದು ಸಿಲಿಂಡರಿಗೆ ನೀರು ತುಂಬಿದರೆ, ಬೆಳಿಗ್ಗೆ ಸ್ಟಾರ್ಟರ್ ತಿರುಗಿಸಿದ ತಕ್ಷಣ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಬೇರೆ ಹೆಡ್ ಹುಡುಕೋಣ ಅಂತಲೂ ಹೇಳಿದೆ. ಸಾಮಾನ್ಯ ಜನರಿಗೆ ಜಿಪ್ಸಿ ಮಾರಾಟ ನಿಂತಿದ್ದು 2019ರಲ್ಲಿ, ಒಳ್ಳೆ ಹೆಡ್ ಸಿಕ್ಕರೆ ಪುಣ್ಯ. ಹಾಗಾಗಿ ಆರ್ಗನ್ ವೆಲ್ಡಿಂಗೇ (ಆರ್ಗನ್ ಅನಿಲದ ರಕ್ಷಣೆಯಲ್ಲಿ ಹಾಕುವ ಬೆಸುಗೆ) ಅಂತ ತೀರ್ಮಾನವಾಯಿತು.

ವಾಲ್ವ್, ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ), ಸೀಟು ಎಲ್ಲ ತೆಗೆದೆ. ಹೆಡ್ಡನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದು ಓವನ್ನಿನಲ್ಲಿ 150 ಡಿಗ್ರಿಗೆ ಬಿಸಿ ಮಾಡಿದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಎರಕದ ಹೆಡ್ಡು 660 ಡಿಗ್ರಿಗೂ ಮುಂಚೆಯೇ ಹಾಗೇ ಕುಸಿಯುತ್ತದೆ, ಅದಕ್ಕೇ ಥರ್ಮಾಮೀಟರ್ ಬೇಕೇ ಬೇಕು. 200 ದಾಟಿ ಜಾಸ್ತಿ ಹೊತ್ತು ಇಟ್ಟರೆ ಹೆಡ್ಡಿಗೆ ಕೊಟ್ಟಿರುವ ಗಟ್ಟಿತನವೂ ಹೋಗುತ್ತದೆ.

ಆರ್ಕ್ ಹೊಡೆದ ಕೂಡಲೇ ಕಪ್ಪು ಕೊಳೆ ಮೇಲೆ ಬಂತು. ವರ್ಷಗಟ್ಟಲೆ ಎಣ್ಣೆ, ಕೂಲೆಂಟ್ ಕುಡಿದ ಎರಕ, ಎಷ್ಟು ತೊಳೆದರೂ ಅದರ ಸಣ್ಣ ರಂಧ್ರಗಳಲ್ಲಿ ಉಳಿದೇ ಇರುತ್ತದೆ. ಅದರ ಮೇಲೇ ರಾಡ್ (ಬೆಸುಗೆಗೆ ಕರಗಿಸುವ ಅಲ್ಯೂಮಿನಿಯಂ ಕಡ್ಡಿ) ತುಂಬಿಸಿದರೆ ವೆಲ್ಡ್ ಒಳಗೆ ತೂತು ತೂತು. ನಿಲ್ಲಿಸಿದೆ, ಕೆರೆದೆ, ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿದೆ, ರಾಡ್ ಹಾಕದೆ ಬರೀ ಆರ್ಕ್‌ನಿಂದ ಮತ್ತೆ ಕರಗಿಸಿದೆ. ಕೊಳೆ ಬರುವುದು ನಿಂತು, ಕರಗಿದ ಲೋಹ ಬೆಳ್ಳಗೆ ಹೊಳೆದ ಮೇಲೇ 4043 ರಾಡ್ ಕೊಟ್ಟಿದ್ದು. ಪೋರ್ಟಿನೊಳಗೆ ಟಾರ್ಚ್ ಹೋಗುವುದೇ ಕಷ್ಟ. ಚಿಕ್ಕ ಟಾರ್ಚ್ ಹಾಕಿ, ಟಂಗ್‌ಸ್ಟನ್ ಕಡ್ಡಿ ಸ್ವಲ್ಪ ಉದ್ದ ಬಿಟ್ಟು, ಬೌಲ್ (ಸೀಟಿನ ಹಿಂದಿನ ಬಟ್ಟಲಿನಂಥ ಜಾಗ) ಕಡೆಯಿಂದ ಮಾಡಿದೆ. ಆಮೇಲೆ ಓವನ್ ಆರಿಸಿ ಹೆಡ್ಡನ್ನು ಒಳಗೇ ಬಿಟ್ಟೆ, ನಿಧಾನಕ್ಕೆ ತಣ್ಣಗಾಗಲಿ.

ಬೆಸುಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿದಂತಲ್ಲ. ಗಿರಾಕಿಗಳಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಒಂದು ತೂತಿಗೆ ಇಷ್ಟು ದುಡ್ಡಾ ಅನ್ನಿಸುತ್ತದೆ. ಎಷ್ಟೇ ಬಿಗಿದಿದ್ದರೂ ಹೆಡ್ ಸ್ವಲ್ಪ ಸೊಟ್ಟಗಾಗಿಯೇ ಆಗುತ್ತದೆ, 0.05 ಮಿಮೀ ಮೀರಿದರೆ ಫೇಸಿಂಗ್, ಅಂದರೆ ಹೆಡ್ಡಿನ ತಳ ಸವೆಸಿ ಸಮ ಮಾಡುವುದು. ಫೇಸ್ ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ, ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಜಾಗ ಕಡಿಮೆಯಾಗುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ಕೆಳಗಿಳಿದು ಟೈಮಿಂಗ್ ಕೂಡ ಹಿಂದೆ ಬೀಳುತ್ತದೆ. ಕ್ಯಾಮ್ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಬೇಕು, ಎಲ್ಲಾದರೂ ಹಿಡಿದರೆ ಅದಕ್ಕೆ ಬೇರೆ ಕೆಲಸ. ಆಮೇಲೆ ಹೊಸ ಸೀಟು, ಗೈಡ್, ಸೀಟ್ ಕಟಿಂಗ್. ಇದೆಲ್ಲಕ್ಕೂ ಮುಂಚೆ ಇನ್ನೊಂದು ಪ್ರೆಷರ್ ಟೆಸ್ಟ್.

ಮೂರನೇ ಪೋರ್ಟಿನಲ್ಲಿ ಈಗ ವೆಲ್ಡಿನ ಗಂಟು ನಿಂತಿದೆ. ಸೋಮವಾರ ಅದನ್ನು ಉಳಿದ ಪೋರ್ಟುಗಳ ಆಕಾರಕ್ಕೆ ತರಬೇಕು. ಅಲ್ಲಿಗೆ ಬರ್ ಹಾಕುವುದಿಲ್ಲ. ಎಮರಿ (ಉಜ್ಜುಕಾಗದ) ರೋಲ್ ಮಾತ್ರ, ಆಗಾಗ ನಿಲ್ಲಿಸಿ ಗೇಜ್ ಇಟ್ಟು ನೋಡಿಕೊಂಡು.