ಬೆನ್ನು ಸಾಕು, ತುಟಿ ತೋರಿಸು

ಹೋದ ವಾರ ರಾತ್ರಿ ಹತ್ತೂವರೆಗೆ ಮಾವನ ಮಗನ ವಾಟ್ಸಾಪ್ ಬಂತು. ಅವನು ಉಗಾಂಡದ ಕಂಪಾಲಾದಲ್ಲಿ ಕೆಲಸಕ್ಕಿದ್ದಾನೆ, ರಜೆ ಅಂತ ಜಿಂಜಾಕ್ಕೆ ಹೋಗುವ ದಾರಿಯ ಮಬಿರಾ ಕಾಡಿಗೆ ಹೋಗಿದ್ದನಂತೆ. ಫೋಟೋದಲ್ಲಿ ಆಳೆತ್ತರದ ಮೇಲೆ ಕಾಂಡಕ್ಕೆ ಅಂಟಿಕೊಂಡ ಒಂದು ಹಾವುರಾಣಿ. ಕೆಳಗೆ ಒಂದೇ ಸಾಲು: "ನೀ ಧಾರವಾಡದಾಗ ಹಲ್ಲಿ, ಓತಿಕ್ಯಾತ ನೋಡ್ಕೋತ ತಿರಗತೀ ಅಲ್ಲ, ಇದು ಯಾವ್ದು ಹೇಳು."

ಎರಡೇ ನಿಮಿಷದಲ್ಲಿ ಟ್ರ್ಯಾಕಿಲೆಪಿಸ್ ಸ್ಟ್ರೈಯಾಟಾ, ಅಂದರೆ ಆಫ್ರಿಕಾದ ಪಟ್ಟೆ ಹಾವುರಾಣಿ, ಅಂದುಬಿಟ್ಟೆ. ಬೆನ್ನಿನ ಪಕ್ಕ ತಿಳಿ ಪಟ್ಟೆ ಕಂಡಿತ್ತು, ಮರ ಬೇರೆ ಹತ್ತಿತ್ತು, ನನ್ನ ಹತ್ತಿರ ಇದ್ದ ಸಾಕ್ಷಿ ಅಷ್ಟೇ. ಬೆಳಿಗ್ಗೆ ಚಹಾ ಕುಡೀತಾ ದೊಡ್ಡದು ಮಾಡಿ ನೋಡಿದರೆ ಆ ಪಟ್ಟೆ ಎಲೆ ಸಂದಿಯಿಂದ ಬಿದ್ದ ಬಿಸಿಲು!

ಮರದ ಮೇಲಿತ್ತು ಅನ್ನೋದರಿಂದ ಏನೂ ಸಿದ್ಧವಾಗಲ್ಲ, ಅಲ್ಲಿ ಮರ ಹತ್ತುವ ಹಾವುರಾಣಿ ಒಂದೆರಡಲ್ಲ. ಸ್ಟ್ರೈಯಾಟಾ ಮನೆ ಗೋಡೆಯನ್ನೂ ಹತ್ತುತ್ತದೆ. ಆದರೆ ಅದಕ್ಕೆ ಕಡು ಬೆನ್ನಿನ ಎರಡೂ ಪಕ್ಕ ಸ್ಪಷ್ಟವಾದ ತಿಳಿ ಪಟ್ಟೆ ಇರುತ್ತದೆ, ಬೆನ್ನಿನ ಒಂದೊಂದು ಹುರುಪೆಯ ಮೇಲೆ ಸಾಮಾನ್ಯವಾಗಿ ಮೂರು ಏಣು, ಅಂದರೆ ಉದ್ದಕ್ಕೂ ಎದ್ದು ನಿಂತ ಗೆರೆ. ಅದೇ ಕುಲದ ಇನ್ನೊಂದು ಜಾತಿಯಾದ ಮ್ಯಾಕುಲಿಲ್ಯಾಬ್ರಿಸ್‌ಗೆ ಐದು ಅಥವಾ ಇನ್ನೂ ಜಾಸ್ತಿ. ಅದರ ಹೆಸರಲ್ಲೇ ಗುರುತಿದೆ, ಲ್ಯಾಟಿನ್‌ನಲ್ಲಿ ಚುಕ್ಕೆ ತುಟಿ ಅಂತ ಅರ್ಥ. ತುಟಿ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಇನ್ನೊಂದು ಮಜಾ ಅಂದರೆ ಸ್ಟ್ರೈಯಾಟಾ ಮರಿ ಹಾಕುತ್ತದೆ, ಮ್ಯಾಕುಲಿಲ್ಯಾಬ್ರಿಸ್ ಮೊಟ್ಟೆ ಇಡುತ್ತದೆ. ಫೋಟೋದಲ್ಲಿ ಅದೆಲ್ಲಿ ಕಾಣಬೇಕು, ಬಿಡಿ.

"ಮುಖದ ಫೋಟೋ ಇದ್ದರ ಕಳಸು" ಅಂದೆ. ಪುಣ್ಯಕ್ಕೆ ಪಕ್ಕದಿಂದ ತೆಗೆದದ್ದು ಒಂದಿತ್ತು. ಚುಕ್ಕೆ ಇದ್ದವು. ಹುರುಪೆ ಎಣಿಸಿದೆ, ಐದು ಏಣು. ಮ್ಯಾಕುಲಿಲ್ಯಾಬ್ರಿಸ್.

ಹಳೇ ಪುಸ್ತಕ ತೆಗೆದರೆ ಇದೇ ಪ್ರಾಣಿ ಮಬೂಯಾ ಅಂತ ಸಿಗುತ್ತದೆ, ಗಾಬರಿ ಆಗಬೇಡಿ. ಅಮೆರಿಕ, ಆಫ್ರಿಕಾ, ಏಷ್ಯಾದವನ್ನೆಲ್ಲ ಆ ಒಂದೇ ಕುಲದಲ್ಲಿ ತುಂಬಿದ್ದರು. 2002ರಲ್ಲಿ ಅದನ್ನು ಒಡೆದರು, ಆಫ್ರಿಕಾದವಕ್ಕೆ ಮೊದಲು ಯೂಪ್ರೆಪಿಸ್ ಅಂತ ಹೆಸರಿಟ್ಟು 2003ರಲ್ಲಿ ಟ್ರ್ಯಾಕಿಲೆಪಿಸ್ ಮಾಡಿದರು. ನಮ್ಮ ಹಿತ್ತಲಿನ ಹಾವುರಾಣಿ ಯೂಟ್ರೋಪಿಸ್ ಕ್ಯಾರಿನೇಟಾ ಆಯಿತು. ಅಂದರೆ ನನ್ನ ಅಜ್ಜನ ಕಾಲದಲ್ಲಿ ಕಂಪಾಲಾದ್ದೂ ಧಾರವಾಡದ್ದೂ ಒಂದೇ ಮನೆತನ! ಟ್ರ್ಯಾಕಿಲೆಪಿಸ್ ಕುಲದ ಇನ್ನೊಂದು ಸೋದರ, ಅಟ್ಲಾಂಟಿಕಾ ಅಂತ, ಬ್ರೆಜಿಲ್ ಹತ್ತಿರದ ಫರ್ನಾಂಡೊ ಡಿ ನೊರೊನ್ಯಾ ದ್ವೀಪದಲ್ಲಿದೆ. ಅದರ ಹಿರೀಕರು ಆಫ್ರಿಕಾದಿಂದ ಸಮುದ್ರದಲ್ಲಿ ತೇಲಿಕೊಂಡೇ ಅಲ್ಲಿಗೆ ಮುಟ್ಟಿದ್ದು.

ಸಂಜೆ ನಮ್ಮದರ ಏಣೂ ನೋಡೋಣ ಅಂತ ತೆಂಗಿನ ಗರಿ ಎತ್ತಿದೆ. ಅವ್ವ ಒಳಗಿಂದಲೇ ಕೂಗಿದಳು, "ಮುಟ್ಟಬ್ಯಾಡ, ಕಚ್ಚಿದ್ರ ಸತ್ತಿ ನೋಡ!" ಹಾವುರಾಣಿಗೆ ವಿಷ ಇಲ್ಲ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೀನಿ. ಅಷ್ಟರಲ್ಲಿ ಅದು ತರಗೆಲೆಯಡಿ ಸರಕ್ಕನೆ ಹೋಗಿಯಾಗಿತ್ತು. ಮಾವನ ಮಗ ಮತ್ತೆ ಫೋಟೋ ಕಳಿಸಿದ್ದಾನೆ, ಈ ಸಲ ಬರೀ ಬಾಲ.